ಮಗಳು ಈಜುತ್ತಾಳೆ, ಐವಿ ಲೀಗ್ (ಹಾರ್ವರ್ಡ್, ಯೇಲ್ ಥರದ ಎಂಟು ಯೂನಿವರ್ಸಿಟಿ) ಸೀಟಿಗೆ ಅದು ಸಹಾಯ ಆಗುತ್ತಾ? ಅನುಭವ ಇದ್ದವರು ಹೇಳಿ

ಕೇಳಿದವರು, ನ್ಯೂಜೆರ್ಸಿ:
ಮಗಳು ಹತ್ತನೇ ಗ್ರೇಡ್. ಕ್ಲಬ್‌ನಲ್ಲೂ ಶಾಲೆಯ ತಂಡದಲ್ಲೂ ಈಜುತ್ತಾಳೆ, ಮಾರ್ಕ್ಸೂ ಚೆನ್ನಾಗಿದೆ. ಸ್ಪೋರ್ಟ್ಸ್ ಇದ್ದರೆ ಸೀಟು ಸುಲಭ ಅಂತ ಕನ್ನಡ ಕೂಟದಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮೂರಿನ ಸ್ಪೋರ್ಟ್ಸ್ ಕೋಟಾ ಥರವೇ?

ಮ್ಯಾಸಚೂಸೆಟ್ಸ್‌ನಿಂದ:
ಕೋಟಾ ಅಲ್ಲ ಮೇಡಂ. ಇಲ್ಲಿ ಸರ್ಟಿಫಿಕೇಟ್ ತೋರಿಸಿದರೆ ನಡೆಯುವುದಿಲ್ಲ, ಈ ಹುಡುಗಿ ನನ್ನ ತಂಡಕ್ಕೆ ಬೇಕು ಅಂತ ಕೋಚ್‌ಗೆ ಅನ್ನಿಸಬೇಕು. ಹಾರ್ವರ್ಡ್ ಮೇಲಿನ ಕೇಸಿನಲ್ಲಿ (2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತಲ್ಲ, ಅದೇ) ಹೊರಬಿದ್ದ ಲೆಕ್ಕ ನೋಡಿ. ಕೋಚ್ ಆರಿಸಿಕೊಂಡ ಆಟಗಾರರಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಸೀಟು. ಕೋಚ್ ಆಯ್ಕೆ, ಅಪ್ಪ ಅಮ್ಮ ಅಲ್ಲೇ ಓದಿದ್ದು ಥರದ ಯಾವ ಆಸರೆಯೂ ಇಲ್ಲದವರಲ್ಲಿ ನೂರಕ್ಕೆ ಆರರ ಆಸುಪಾಸು. ಕೋಚ್ ಪಟ್ಟಿಯಲ್ಲಿ ಇಲ್ಲದೆ ಸುಮ್ನೆ ಆಡುವ ಮಕ್ಕಳೂ ಈ ಎರಡನೇ ಗುಂಪಿನವರೇ.

ನನ್ನ ಮಗನೂ ಈಜುಗಾರ. ಸೇರಿದ್ದು ಡಿವಿಷನ್ 3ರ (ಕಾಲೇಜು ಕ್ರೀಡೆಯ ಮೂರನೇ ಹಂತ) ಒಂದು ಸಣ್ಣ ಕಾಲೇಜಿಗೆ. ಹನ್ನೊಂದನೇ ಗ್ರೇಡ್ ಮುಗಿದ ಜುಲೈನಲ್ಲಿ ಕೋಚ್ ಅವನ ಮಾರ್ಕ್ಸ್, ಎಸ್‌ಎಟಿ (ಕಾಲೇಜು ಪ್ರವೇಶದ ಪರೀಕ್ಷೆ) ಸ್ಕೋರು, ಹನ್ನೆರಡನೇ ಗ್ರೇಡಿನಲ್ಲಿ ತಗೊಳ್ಳುವ ಸಬ್ಜೆಕ್ಟುಗಳು ಎಲ್ಲವನ್ನೂ ತರಿಸಿಕೊಂಡು ಅಡ್ಮಿಷನ್ ಆಫೀಸಿಗೆ ಕೊಟ್ಟರು. ಇದಕ್ಕೆ ಪ್ರೀ-ರೀಡ್ ಅಂತಾರೆ. ಅಲ್ಲಿಂದ ಒಳ್ಳೇ ಉತ್ತರ ಬಂದ ಮೇಲೆ ಮಗ ನೇರವಾಗಿ ಕೇಳಿದ: "ಅರ್ಲಿ ಡಿಸಿಷನ್‌ನಲ್ಲಿ ಹಾಕಿದರೆ ನನ್ನ ಹೆಸರು ನಿಮ್ಮ ಪಟ್ಟಿಯಲ್ಲಿರುತ್ತಾ?" ಅವರು ಹೌದು ಅಂದರು. (ಅರ್ಲಿ ಡಿಸಿಷನ್ ಅಂದರೆ, ಸೀಟು ಸಿಕ್ಕರೆ ಅಲ್ಲಿಗೇ ಸೇರುತ್ತೇನೆ ಅಂತ ಒಪ್ಪಿ ಮೊದಲೇ ಹಾಕುವ ಅರ್ಜಿ.) ಇನ್ನೊಂದು ಕಾಲೇಜಿನ ಕೋಚ್ ಇದೇ ಪ್ರಶ್ನೆಗೆ "ನೀನು ಬಂದರೆ ತುಂಬಾ ಖುಷಿ" ಅಂದಿದ್ದರು. ಅದು ಇಲ್ಲ ಅಂತಲೇ ಅರ್ಥ. ನಮ್ಮವರು ಆ ಖುಷಿಯನ್ನೇ ಸೀಟು ಅಂದುಕೊಂಡು ಕೂರುತ್ತಾರೆ.

ಈಜಿನಲ್ಲಿ ಒಂದು ಅನುಕೂಲ, ಸುಳ್ಳು ನಡೆಯಲ್ಲ. ಆ ಕಾಲೇಜಿನ ತಂಡದ ಟೈಮಿಂಗ್ ನೆಟ್‌ನಲ್ಲಿ ಸಿಗುತ್ತದೆ, ಮಗಳದರ ಪಕ್ಕ ಇಟ್ಟು ನೋಡಿ. ಅವರ ಕಾನ್ಫರೆನ್ಸ್ ಮೀಟಿನಲ್ಲಿ (ಅವರ ಗುಂಪಿನ ಕಾಲೇಜುಗಳ ನಡುವಿನ ಸ್ಪರ್ಧೆ) ಪಾಯಿಂಟ್ ತರುವಷ್ಟು ಇದ್ದರೆ ಕೋಚ್ ಮಾತಾಡುತ್ತಾರೆ. ಐವಿಯಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ನೆನಪಿರಲಿ. ಮನೆಯ ಆದಾಯ ನೋಡಿಯೇ ದುಡ್ಡು. ಎಂಐಟಿಯಲ್ಲಂತೂ ಕೋಚ್ ಬೇಕು ಅಂದರೂ ಕೊನೇ ಮಾತು ಅಡ್ಮಿಷನ್ ಆಫೀಸಿನದು.

ಕ್ಯಾಲಿಫೋರ್ನಿಯಾದಿಂದ:
ಲೆಗಸಿ ಲೆಕ್ಕವೂ ಇದೆಯಲ್ಲ, ಅಪ್ಪ ಅಮ್ಮ ಓದಿದ ಕಾಲೇಜು ಅಂತ ಮಕ್ಕಳಿಗೆ ಆದ್ಯತೆ ಕೊಡುವುದು. ನಾವು ಓದಿದ್ದು ಬಸವನಗುಡಿಯಲ್ಲಿ, ನಮ್ಮ ಮಕ್ಕಳಿಗೆ ಎಲ್ಲಿಂದ ಬರಬೇಕು! ಎಂಐಟಿ, ಜಾನ್ಸ್ ಹಾಪ್ಕಿನ್ಸ್, ಆಮ್‌ಹರ್ಸ್ಟ್ ಇದನ್ನು ನೋಡುವುದಿಲ್ಲ. ನಮ್ಮ ರಾಜ್ಯ 2024ರಲ್ಲಿ ಖಾಸಗಿ ಕಾಲೇಜುಗಳಿಗೂ ಇದು ಬೇಡ ಅಂತ ಕಾನೂನು ತಂದಿತು.

ಟೆಕ್ಸಾಸ್‌ನಿಂದ:
"ಸ್ಪೋರ್ಟ್ಸ್ ಪ್ರೊಫೈಲ್ ಮಾಡಿಕೊಡುತ್ತೇವೆ" ಅನ್ನುವ ಕನ್ಸಲ್ಟೆಂಟ್‌ಗಳ ಹತ್ತಿರ ಹೋಗಬೇಡಿ. 2019ರಲ್ಲಿ ಸಿಕ್ಕಿಬಿದ್ದ ಹಗರಣ ಇದೇ. ಆಡದ ಮಕ್ಕಳನ್ನು ಆಟಗಾರರು ಅಂತ ತೋರಿಸಿ, ಕೋಚ್‌ಗಳಿಗೆ ಲಂಚ ಕೊಟ್ಟು, ಕೊನೆಗೆ ಅಪ್ಪ ಅಮ್ಮಂದಿರೇ ಜೈಲಿಗೆ ಹೋದರು.

ಕೇಳಿದವರು:
ತುಂಬಾ ಥ್ಯಾಂಕ್ಸ್. ಕೋಚ್‌ಗೆ ನಾನೇ ಮೇಲ್ ಬರೆಯಲಾ? ಯಾವಾಗ?

ಮ್ಯಾಸಚೂಸೆಟ್ಸ್‌ನಿಂದ:
ಅವಳೇ ಬರೆಯಲಿ, ನೀವು ಬೇಡ. ಈಗಲೇ ಬರೆಯಬಹುದು. ಡಿವಿಷನ್ 1ರ (ಮೊದಲ ಹಂತ, ಐವಿಯೂ ಇದರಲ್ಲೇ) ಕೋಚ್‌ಗಳು ಹತ್ತನೇ ಗ್ರೇಡ್ ಮುಗಿದ ಜೂನ್ 15ರ ತನಕ ಸರಿಯಾಗಿ ಉತ್ತರ ಕೊಡುವ ಹಾಗಿಲ್ಲ, ಸುಮ್ಮನಿದ್ದರು ಅಂತ ಬೇಜಾರಾಗಬೇಡಿ. ಮೊದಲ ಸಾಲಿನಲ್ಲೇ ಯಾವ ಈವೆಂಟ್, ಎಷ್ಟು ಟೈಮ್, ಹೈಸ್ಕೂಲ್ ಮುಗಿಯುವ ವರ್ಷ ಇರಲಿ.