ಪದಚರ್ಚೆ: ಹಗಲುಗನಸೋ, ಮನದ ಮಂಡಿಗೆಯೋ?

ಎಲ್ಲರಿಗೂ ನಮಸ್ಕಾರ. ಮನೋವಿಜ್ಞಾನದ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಒಂದು ಪದ ಮೂರು ದಿನದಿಂದ ಕಾಡುತ್ತಿದೆ.

ಅಮೆರಿಕದ ಮನೋವಿಜ್ಞಾನಿ ಜೆರೋಮ್ ಸಿಂಗರ್ ಹಗಲುಗನಸಿನಲ್ಲಿ ಮೂರು ಬಗೆ ಗುರುತಿಸಿದರು: ಸೋಲು, ತಪ್ಪುಗಳನ್ನೇ ನೆನೆದು ಕೊರಗುವುದು, ಯಾವುದರಲ್ಲೂ ಮನಸ್ಸು ನಿಲ್ಲದೆ ಅಲೆಯುವುದು, ಹಿತವಾದದ್ದನ್ನು ಕಲ್ಪಿಸಿಕೊಂಡು ಸುಖಪಡುವುದು. ಕೊನೆಯದಕ್ಕೆ ನನಗೆ ಪದ ಬೇಕು.

'ಹಗಲುಗನಸು' ಎಂದು ಬರೆದೆ. ಓದಿದವರು ಬೈದ ಹಾಗಿದೆ ಎಂದರು. ನಿಜವೇ, 'ಹಗಲುಗನಸು ಕಾಣಬೇಡ' ಅಂತ ಬೈಸಿಕೊಂಡೇ ನಾವು ಆ ಪದ ಕಲಿತದ್ದು. 'ಗಾಳಿಗೋಪುರ'ದಲ್ಲಿ ಕಟ್ಟುವ ಮೊದಲೇ ಬೀಳುವ ಸದ್ದು. 'ಮನೋರಾಜ್ಯ' ವೇದಾಂತಿಗಳ ಪಾಲಿಗೆ ತೊರೆಯಬೇಕಾದ ಚಟ. ಅದನ್ನು ಗೆಲ್ಲುವ ಉಪಾಯವನ್ನೂ ಪಂಚದಶಿ ಎಂಬ ವೇದಾಂತ ಗ್ರಂಥ ಹೇಳಿಕೊಡುತ್ತದೆ. 'ಗುಂಗು' ಮುದ್ದಾಗಿದೆ, ಆದರೆ ಕೇಳಿದ ಹಾಡಿನ ಗುಂಗೂ ಗುಂಗೇ.

ಉಳಿದದ್ದು 'ಮನಸ್ಸಿನಲ್ಲೇ ಮಂಡಿಗೆ ತಿನ್ನು'. ಮೈಸೂರು ಕಡೆಯ ಗೆಳೆಯರೊಬ್ಬರು ಇದನ್ನು ಓದಿ "ಮಂಡಿಗೆ ಏನಾಯ್ತು, ನೋವೇ?" ಎಂದು ಕೇಳಿದರು! ಮಂಡಿಗೆ ಎಂಬ ಸಿಹಿತಿಂಡಿಯನ್ನು ಬೆಳಗಾವಿಯವರಿಗೆ ವಿವರಿಸಬೇಕಿಲ್ಲ. ಕಣಕದೊಳಗೆ ಸಕ್ಕರೆಯ ಹೂರಣ ತುಂಬಿ ಲಟ್ಟಿಸಿ, ಕೈಮೇಲೆ ಹಾಕಿಕೊಂಡು ಬಟ್ಟೆಯಷ್ಟು ತೆಳ್ಳಗಾಗುವವರೆಗೆ ಹಿಗ್ಗಿಸಿ, ಕಾದ ಬಾಣಲೆಯ ಬೆನ್ನ ಮೇಲೆ ಹರಡಿ, ಬಿಸಿ ಇರುವಾಗಲೇ ಮಡಚಬೇಕು. ಆರಿದರೆ ಮಡಚಲು ಬಾರದು, ಮುರಿಯುತ್ತದೆ. 12ನೇ ಶತಮಾನದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲೇ 'ಮಂಡಕ' ಇದೆ. ದಿನಾ ಮಾಡುವ ತಿಂಡಿಯಲ್ಲ ಇದು, ಮದುವೆಮನೆಯದು. ಕೈ ಪಳಗಿದವರೇ ಮಾಡಬೇಕು. ಮನಸ್ಸಿನಲ್ಲಾದರೆ ಬೇಕೆಂದಾಗ ತಿನ್ನಬಹುದು, ಎಲೆಯ ಮೇಲಿನದು ಮುಗಿಯುವುದೂ ಇಲ್ಲ. ಜನ ಕಲ್ಪನೆಯಲ್ಲಿ ಯಾಕೆ ಇಷ್ಟು ಖುಷಿಪಡುತ್ತಾರೆ ಎಂಬ ಗುಟ್ಟು ಈ ನುಡಿಗಟ್ಟಿಗೆ ಮಾತ್ರ ಗೊತ್ತಿದ್ದಂತಿದೆ. ಹಿಂದಿಯವರು 'ಖಯಾಲಿ ಪುಲಾವ್', ಅಂದರೆ ಕಲ್ಪನೆಯ ಪುಲಾವ್ ಬೇಯಿಸುತ್ತಾರೆ. ನಾವು, ಮರಾಠಿಯವರು ಒಲೆ ಹಚ್ಚುವ ಗೋಜಿಗೇ ಹೋಗದೆ ನೇರವಾಗಿ ತಿನ್ನಲು ಕೂರುತ್ತೇವೆ.

ತೊಡಕು ಇಷ್ಟೇ: ಇದರಲ್ಲೂ ಒಂದೆಳೆ ಗೇಲಿ ಇದೆ, 'ಹಗಲುಗನಸಿ'ನಷ್ಟು ಖಾರವಲ್ಲದಿದ್ದರೂ. ಜೊತೆಗೆ ಇದು ಕ್ರಿಯೆ, ನನಗೆ ಬೇಕಿರುವುದು ನಾಮಪದ. 'ಮನದ ಮಂಡಿಗೆ' ಎಂದು ತಲೆಬರಹ ಕೊಟ್ಟರೆ ನಡೆದೀತೇ? ಮಂಡಿಗೆಯನ್ನೇ ಕಾಣದ ಕಡೆ ಮನಸ್ಸಿನಲ್ಲಿ ಏನು ತಿನ್ನುತ್ತಾರೆ?