265/75 ಟೈರ್ ಹಾಕಿದ ಮೇಲೆ ಫುಲ್ ಲಾಕ್‌ನಲ್ಲಿ ಉಜ್ಜುತ್ತೆ, ಹಿಂಬಾಗಿಲ ಸ್ಟೆಪ್ನಿ ಕಟಕಟ ಅನ್ನುತ್ತೆ

ಕಲ್ಲುದಾರಿ:
ಸಾಕಾಗಿ ಹೋಗಿದೆ. ಗಾಡಿಯ 245/75 ಆರ್16 ಟೈರ್ (ಅಗಲ 245 ಮಿಮೀ, ಪಕ್ಕದ ಎತ್ತರ ಅದರ 75 ಶೇಕಡಾ, ರಿಮ್ 16 ಇಂಚು) ತೆಗೆದು 265/75 ಆರ್16 ಆಲ್ ಟೆರೇನ್ ಹಾಕಿಸಿದೆ, ಸ್ಟೆಪ್ನಿ ಸೇರಿ ಐದೂ ಹೊಸದು. ರಿವರ್ಸ್ ತೆಗೆಯುವಾಗ ಸ್ಟೀರಿಂಗ್ ಎಡಕ್ಕೆ ಪೂರ್ತಿ ತಿರುಗಿಸಿದರೆ ಮುಂದಿನ ಎಡಗಾಲಿ ಪರಪರ ಅಂತ ಉಜ್ಜುತ್ತೆ. ಬಲಕ್ಕೆ ತಿರುಗಿಸಿದರೆ ಬಲಗಾಲಿ. ಹೊಂಡದ ರಸ್ತೆಯಲ್ಲಿ ಹಿಂಬಾಗಿಲ ಸ್ಟೆಪ್ನಿ ಕಟಕಟ. ನಟ್ಟು ಎಷ್ಟು ಬಿಗಿ ಮಾಡಿದರೂ ನಿಲ್ಲಲ್ಲ. ಹಾಕಿಕೊಟ್ಟವರು ಸೈಜ್ ಸರಿಯಾಗಿಯೇ ಇದೆ ಅಂತಾರೆ. ಏನು ಮಾಡಲಿ?

ಎತ್ತರದಗಾಡಿ:
ಲಿಫ್ಟ್ ಹಾಕಿಸಿ, ಅಂದರೆ ಬಾಡಿ ಎತ್ತರಿಸಿ. 40 ಮಿಮೀ ಸ್ಪ್ರಿಂಗ್ ಲಿಫ್ಟ್ ಆದರೆ ಸಾಕು, ಈ ಸೈಜ್ ಆರಾಮಾಗಿ ತಿರುಗುತ್ತೆ. ಸ್ಟೆಪ್ನಿಗೆ ಬ್ರಾಕೆಟ್ ಬೋಲ್ಟ್ ನೋಡಿ.

ಸ್ಪ್ಯಾನರ್‌ಡಬ್ಬ:
ಲಿಫ್ಟ್‌ಗೆ ದುಡ್ಡು ಸುರಿಯುವ ಮೊದಲು ಎರಡು ವಿಷಯ ಹೇಳಿ ಸಾರ್. ಉಜ್ಜಿದ ಗುರುತು ಟೈರಿನ ಹೊರಭುಜದಲ್ಲಿದೆಯೋ ಒಳಭುಜದಲ್ಲಿದೆಯೋ? ರಿಮ್ ಹಳೆಯದೋ ಹೊಸದೋ? ಗುರುತು ಸಿಗದಿದ್ದರೆ ಟೈರಿನ ಎರಡೂ ಭುಜಕ್ಕೆ ಸೀಮೆಸುಣ್ಣ ಒತ್ತಿ ಬಳಿದು, ಫುಲ್ ಲಾಕ್ ಹಾಕಿ ನಿಧಾನಕ್ಕೆ ಅರ್ಧ ಸುತ್ತು ಹಿಂದೆ ತೆಗೆಯಿರಿ. ಸುಣ್ಣ ಎಲ್ಲಿ ಅಂಟಿದೆ ನೋಡಿ.

ಎತ್ತರದಗಾಡಿ:
ಸುಣ್ಣ ಯಾಕೆ? ಟೈರ್ 30 ಮಿಮೀ ಎತ್ತರ ಜಾಸ್ತಿ ಆಗಿದೆ, ಜಾಗ ಬೇಕು, ಬಾಡಿ ಮೇಲೆ ಹೋಗಬೇಕು. ಇದರಲ್ಲಿ ಇನ್ನೇನಿದೆ?

ಕಲ್ಲುದಾರಿ:
ಗುರುತು ಹೊರಭುಜದಲ್ಲಿ. ಮಡ್‌ಫ್ಲಾಪ್ ಮೇಲ್ತುದಿ ಮತ್ತು ಅದರ ಒಳಗಿನ ಪ್ಲಾಸ್ಟಿಕ್ ಲೈನರ್ ಎರಡೂ ಕಪ್ಪಗೆ ಹೊಳೆಯುತ್ತಿವೆ. ರಿಮ್ ಹೊಸದು, ಅದು ಮುಖ್ಯ ಅಂತ ಅನ್ನಿಸಿರಲಿಲ್ಲ. 16×8 (ವ್ಯಾಸ×ಅಗಲ, ಇಂಚಿನಲ್ಲಿ), ಇಟಿ 0 ಅಂತ ಒಳಗಡೆ ಬರೆದಿದೆ. ಹಳೆಯದು 16×7, ಇಟಿ 30.

ಸ್ಪ್ಯಾನರ್‌ಡಬ್ಬ:
ನಿಮ್ಮ ಎರಡೂ ತೊಂದರೆಗೆ ಮೂಲ ಅದೇ, ಇಟಿ. ಅಂದರೆ ಆಫ್‌ಸೆಟ್, ರಿಮ್ ಹಬ್‌ಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿಮೀ ಹೊರಗಿದೆ ಅನ್ನೋ ಲೆಕ್ಕ. ಅದು ಕಡಿಮೆಯಾದಷ್ಟೂ ಗಾಲಿ ಹೊರಗೆ ಬರುತ್ತೆ.

ಮೊದಲು ಮುಂದಿನ ಗಾಲಿ. 245/75 ವ್ಯಾಸ ಸುಮಾರು 774 ಮಿಮೀ, 265/75 ಸುಮಾರು 804. ಅಂದರೆ ತ್ರಿಜ್ಯ ಬೆಳೆದದ್ದು 15 ಮಿಮೀ ಮಾತ್ರ. ಇಟಿ 30ರಿಂದ 0ಗೆ ಬಂದಾಗ ಇಡೀ ಗಾಲಿ 30 ಮಿಮೀ ಹೊರಗೆ ಬಂತು, ಟೈರ್ ಅಗಲವಾದದ್ದರಿಂದ ಹೊರಭುಜ ಇನ್ನೊಂದು 10 ಮಿಮೀ ಹೊರಗೆ. ನೇರ ಓಡುವಾಗ ಇದು ಗೊತ್ತಾಗಲ್ಲ. ಎಡಕ್ಕೆ ಲಾಕ್ ಹಾಕಿದಾಗ ಎಡಗಾಲಿಯ ಹೊರಭುಜ ಹಿಂದಕ್ಕೆ ತಿರುಗುತ್ತೆ. ತಿರುವಿನ ಒಳಬದಿಯ ಗಾಲಿ 35 ಡಿಗ್ರಿ ತಿರುಗುತ್ತೆ ಅಂದುಕೊಂಡರೆ ಆ 40 ಮಿಮೀಯಲ್ಲಿ ಸುಮಾರು 23 ಮಿಮೀ ಹಿಂದಕ್ಕೆ ಬಂದು ಕೂರುತ್ತೆ, ಎತ್ತರದಿಂದ ಬಂದದ್ದು ಇನ್ನು 12. ಒಟ್ಟು 35 ಮಿಮೀ. ಕಂಪನಿಯವರು ಅಲ್ಲಿ ಅಷ್ಟು ಸಂದು ಬಿಟ್ಟಿರುವುದು ಅಪರೂಪ.

ಇದೇ ಟೈರು ಹಳೇ ರಿಮ್‌ನಲ್ಲಿದ್ದಿದ್ದರೆ ಹಿಂದಕ್ಕೆ ಬರುತ್ತಿದ್ದದ್ದು 17 ಮಿಮೀ ಆಸುಪಾಸು.

ಕೆಸರುಗಾಲಿ:
ಒಂದು ತಿದ್ದುಪಡಿ. 265ರ ಅಗಲ ಅಳೆಯುವುದು 7.5 ಇಂಚಿನ ರಿಮ್ ಮೇಲೆ, 245ರದ್ದು 7ರ ಮೇಲೆ. 8 ಇಂಚಿಗೆ ಏರಿಸಿದರೆ 265 ಸುಮಾರು 270 ಆಗುತ್ತೆ. ಪ್ರತಿ ಅರ್ಧ ಇಂಚಿಗೆ 5 ಮಿಮೀ ಲೆಕ್ಕ. ಹಾಗಾಗಿ ಹೊರಭುಜ 42 ಮಿಮೀ ದಾಟುತ್ತೆ.

ಸ್ಪ್ಯಾನರ್‌ಡಬ್ಬ:
ಸರಿ, 42 ಅಂತಲೇ ಇಟ್ಟುಕೊಳ್ಳಿ. ಹಿಂದಕ್ಕೆ 36 ಆಗುತ್ತೆ, ಒಂದು ಮಿಮೀ ವ್ಯತ್ಯಾಸ.

ಎತ್ತರದಗಾಡಿ:
ಇಷ್ಟೆಲ್ಲ ಗಣಿತ ಮಾಡಿದರೂ ಲಿಫ್ಟ್ ಹಾಕಿದವರ ಗಾಡಿ ಉಜ್ಜಲ್ಲ, ಇವರದ್ದು ಉಜ್ಜುತ್ತೆ. ಅದನ್ನು ಹೇಳಿ.

ಸ್ಪ್ಯಾನರ್‌ಡಬ್ಬ:
ಹೇಳ್ತೀನಿ ಅಣ್ಣ. ಲಿಫ್ಟ್ ಬಾಡಿಯನ್ನು ಮೇಲಕ್ಕೆ ಎತ್ತುತ್ತೆ, ಲೈನರನ್ನು ಹಿಂದಕ್ಕೆ ತಳ್ಳಲ್ಲ. ಇವರಿಗೆ ತಾಗುತ್ತಿರುವುದು ಗಾಲಿಯ ಹಿಂಬದಿ, ಆಕ್ಸಲ್ ಮಟ್ಟದ ಹತ್ತಿರ. ಇನ್ನೊಂದು, ಬಂಪ್ ಸ್ಟಾಪ್ (ಸಸ್ಪೆನ್ಷನ್ ಒತ್ತಿದಾಗ ಕೊನೆಗೆ ತಡೆಯುವ ರಬ್ಬರ್) ಉದ್ದ ಮಾಡದೆ ಬರೀ ಸ್ಪ್ರಿಂಗ್ ಬದಲಿಸಿದರೆ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಗಾಲಿ ಮೊದಲು ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಗುತ್ತೆ. ಮಡ್‌ಗಾರ್ಡ್ ಕಮಾನಿಗೆ ಮೇಲಿನಿಂದ ತಾಗುತ್ತಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ.

ಕಲ್ಲುದಾರಿ, ಮಾಡಬೇಕಾದದ್ದು. 265/75 ಆರ್16ಗೆ 7ರಿಂದ 8 ಇಂಚಿನ ರಿಮ್ ನಡೆಯುತ್ತೆ, ಹಾಗಾಗಿ ಹಳೇ ರಿಮ್ ಇಟ್ಟುಕೊಂಡಿದ್ದರೆ ಟೈರುಗಳನ್ನು ಅದಕ್ಕೇ ಏರಿಸಿ. ಮೊದಲು ಒಂದೇ ಮುಂದಿನ ಗಾಲಿಗೆ ಹಾಕಿ ನೋಡಿ, ಯಾಕೆಂದರೆ ಒಳಭುಜ ಹಳೇ ಟೈರಿಗಿಂತ 7-8 ಮಿಮೀ ಒಳಕ್ಕೆ ಹೋಗುತ್ತೆ. ಎರಡೂ ಕಡೆ ಲಾಕ್ ಹಾಕಿ ಆಂಟಿ ರೋಲ್ ಬಾರ್ (ಗಾಡಿ ವಾಲದಂತೆ ತಡೆಯುವ ಸರಳು) ಮತ್ತು ನಕಲ್ (ಗಾಲಿಯ ಜೊತೆ ತಿರುಗುವ ಸ್ಟೀರಿಂಗ್ ಭಾಗ) ಮೇಲ್ತುದಿಯ ಹತ್ತಿರ ಒಂದು ಪೆನ್ಸಿಲ್ ತೂರಿಸಿ. ಸಲೀಸಾಗಿ ತೂರಬೇಕು.

ಹೊಸ ರಿಮ್ಮೇ ಬೇಕು ಅಂದರೆ ಕೆಲಸ ಜಾಸ್ತಿ. ಮಡ್‌ಫ್ಲಾಪ್ ಬಿಚ್ಚಿ, ಲೈನರಿನ ಕ್ಲಿಪ್ ತೆಗೆದು ಹಿಂದೆ ವೈರಿಂಗ್ ಇಲ್ಲ ಅಂತ ಖಚಿತ ಮಾಡಿಕೊಂಡು, ಹೀಟ್ ಗನ್‌ನಿಂದ ಮೆದು ಮಾಡಿ ಗ್ಲೌಸ್ ಹಾಕಿದ ಕೈಯಿಂದ ಒಳಕ್ಕೆ ಒತ್ತಿ ಹಿಡಿಯಿರಿ, ತಣ್ಣಗಾಗುವವರೆಗೂ ಬಿಡಬೇಡಿ. ಆಮೇಲೂ ಸ್ವಲ್ಪ ತಾಗಿದರೆ ನಕಲ್‌ನಲ್ಲಿ ಸ್ಟೀರಿಂಗ್ ಸ್ಟಾಪ್ ಬೋಲ್ಟ್ ಇದೆಯಾ ನೋಡಿ. ಲಾಕ್‌ನಟ್ ಸಡಿಲಿಸಿ ಎರಡು ಸುತ್ತು ಹೊರಕ್ಕೆ ತಂದರೆ, 1.5 ಪಿಚ್ (ಒಂದು ಸುತ್ತಿಗೆ ಸರಿಯುವ ಮಿಮೀ) ಆದರೆ 3 ಮಿಮೀ. ಎರಡೂ ಕಡೆ ಸಮ ಇರಬೇಕು. ಗಾಡಿ ತಿರುಗುವ ಸುತ್ತಳತೆ ಅಷ್ಟಕ್ಕೆ ಹಿಗ್ಗುತ್ತೆ.

ಕೆಸರುಗಾಲಿ:
ಇಲ್ಲಿ 285/70 ಆರ್17, 50 ಮಿಮೀ ಲಿಫ್ಟ್, ಉದ್ದದ ಬಂಪ್ ಸ್ಟಾಪ್, ಬಾಡಿ ಮೌಂಟ್ ಕತ್ತರಿಸಿ ಮತ್ತೆ ವೆಲ್ಡ್, ಹಿಂದೆ ಸ್ಟೀಲ್ ಬಂಪರಿಗೆ ಸ್ವಂತ ಕೀಲಿನ ಸ್ಟೆಪ್ನಿ ಕ್ಯಾರಿಯರ್. ಎಲ್ಲೂ ತಾಗಲ್ಲ. ಅರ್ಧಂಬರ್ಧ ಮಾಡಿದರೆ ಹೀಗೇ ಆಗೋದು.

ಕಲ್ಲುದಾರಿ:
ಅಷ್ಟು ದೂರ ಹೋಗುವ ಯೋಚನೆ ಇಲ್ಲ ಗುರು. ಹಳೇ ರಿಮ್ ಐದೂ ಇವೆ. ಕಟಕಟದ ಬಗ್ಗೆ ಹೇಳಿ, ಅದೇ ತಲೆ ಕೆಡಿಸ್ತಿದೆ.

ಸ್ಪ್ಯಾನರ್‌ಡಬ್ಬ:
ಹಿಂಬಾಗಿಲಲ್ಲಿ ಎರಡು ರಬ್ಬರ್ ಬಫರ್ ಇರುತ್ತಲ್ಲ, ಟೈರಿನ ಬೆನ್ನು ಅವಕ್ಕೆ ಒತ್ತಿಕೊಂಡಿರಬೇಕು. ಆ ಒತ್ತಡವೇ ಅಲುಗಾಟ ಹಿಡಿಯುವುದು. ಇಟಿ 0 ರಿಮ್ ಬ್ರಾಕೆಟ್‌ನಿಂದ ಟೈರನ್ನು 30 ಮಿಮೀ ಹೊರಗೆ ತಂತು, ಅಗಲ 12 ವಾಪಸ್ ಕೊಟ್ಟಿತು. ಉಳಿದ ಸಂದು 18 ಮಿಮೀ ಆಸುಪಾಸು, ಬೆರಳು ಹಾಕಿ ನೋಡಿ. ನಟ್ಟು ಬಿಗಿ ಮಾಡಿದರೆ ರಿಮ್ ಬ್ರಾಕೆಟ್‌ಗೆ ಕೂರುತ್ತೆ ಅಷ್ಟೇ, ಟೈರು ಗಾಳಿಯಲ್ಲೇ ತೂಗಾಡುತ್ತೆ. 30 ಕೆಜಿ ದಾಟಿದ ತೂಕ ಹೊಂಡ ಹೊಂಡಕ್ಕೂ ಕೀಲನ್ನು ಎಳೆಯುತ್ತೆ.

ಹಳೇ ರಿಮ್‌ಗೆ ಹೋದರೆ ಬಫರ್ ಮತ್ತೆ ತಾಗುತ್ತೆ, 7-8 ಮಿಮೀ ಜಾಸ್ತಿಯೇ ಒತ್ತುತ್ತೆ. ಬಫರ್ ತಿರುಗಿಸಿ ಒಳಕ್ಕೆ ಇಳಿಸುವ ಜಾತಿಯದಾದರೆ ಇಳಿಸಿ, ಇಲ್ಲವಾದರೆ ಬ್ರಾಕೆಟ್ ಹಿಂದೆ ತೆಳು ವಾಷರ್. ಹೊಸ ರಿಮ್ಮೇ ಇಟ್ಟುಕೊಂಡರೆ ಬಫರ್ ಕೆಳಗೆ 20 ಮಿಮೀ ಗಟ್ಟಿ ರಬ್ಬರ್ ಕೊಡಿ, ನಟ್ಟು ಬಿಗಿಯಾದಾಗ 2 ಮಿಮೀ ಕುಗ್ಗಬೇಕು. ಅದಕ್ಕಿಂತ ದಪ್ಪ ಕೊಟ್ಟರೆ ಬ್ರಾಕೆಟ್ ಬಾಗುತ್ತೆ.

ನಟ್ಟು ಸ್ಟಡ್‌ಗೆ ಎಷ್ಟು ಸುತ್ತು ಕಚ್ಚುತ್ತೆ ಎಣಿಸಿ. 12 ಮಿಮೀ, 1.5 ಪಿಚ್ ಸ್ಟಡ್ ಆದರೆ ಕನಿಷ್ಠ 8 ಸುತ್ತು. ರಿಮ್ ಮಧ್ಯಭಾಗ ದಪ್ಪವಾದರೆ ಇದು ಕಡಿಮೆಯಾಗುತ್ತೆ.

ಲೋರೇಂಜ್:
ಮಧ್ಯೆ ಬರ್ತಿದ್ದೀನಿ. ನಮ್ಮದರಲ್ಲಿ ಸ್ಟೆಪ್ನಿ ಗಾಡಿ ಅಡಿಯಲ್ಲಿ, ಚೈನಿನಲ್ಲಿ ನೇತಾಡುತ್ತೆ. 265/75 ಅಲ್ಲಿ ಹಿಡಿಯುತ್ತಿಲ್ಲ, ಸೈಲೆನ್ಸರ್ ಪೈಪ್‌ಗೆ ತಾಗುತ್ತೆ. ಹಳೇ 245 ಸ್ಟೆಪ್ನಿಯೇ ಇಟ್ಟುಕೊಂಡರೆ ಆಗುತ್ತಾ?

ಎತ್ತರದಗಾಡಿ:
ರೂಫ್ ರ್‍ಯಾಕ್ ಮೇಲೆ ಹಾಕಿ.

ಸ್ಪ್ಯಾನರ್‌ಡಬ್ಬ:
ರೂಫ್ ಮೇಲೆ ಹಾಕುವುದಾದರೆ ಓಡುವಾಗಿನ ತೂಕದ ಮಿತಿ ಮ್ಯಾನುಯಲ್‌ನಲ್ಲಿ ನೋಡಿ, ಅದರಲ್ಲಿ ರ್‍ಯಾಕಿನ ತೂಕವೂ ಸೇರಿಸಬೇಕು. ಅಡ್ಡ ಇಳಿಜಾರಿನಲ್ಲಿ ಗಾಡಿ ಬೇಗ ವಾಲುತ್ತೆ, ಕೆಸರಲ್ಲಿ ನಿಂತು ಒಬ್ಬರೇ ಇಳಿಸುವುದೂ ಕಷ್ಟ.

ಅಡಿಯಲ್ಲೇ ಬೇಕಾದರೆ ಗಾಳಿ ಇಳಿಸಿದರೆ ಕೆಲವು ಸಲ ಹಿಡಿಯುತ್ತೆ, ಕಂಪ್ರೆಸರ್ ಗಾಡಿಯಲ್ಲಿ ಖಾಯಂ ಇರಬೇಕು. ಪೈಪ್‌ಗೆ ಮಾತ್ರ ತಾಗಕೂಡದು, ರಬ್ಬರ್ ಸುಡುತ್ತೆ.

245 ಸ್ಟೆಪ್ನಿ ತುರ್ತಿಗೆ ಮಾತ್ರ. ವ್ಯಾಸದಲ್ಲಿ ಹತ್ತಿರ ಹತ್ತಿರ 4 ಶೇಕಡಾ ವ್ಯತ್ಯಾಸ. ಪಾರ್ಟ್ ಟೈಮ್ ಫೋರ್ ವೀಲ್ ಆದರೆ ಅದನ್ನು ಮುಂದಿನ ಆಕ್ಸಲ್‌ಗೆ ಹಾಕಿ, 2ಎಚ್‌ನಲ್ಲೇ (ಹಿಂದಿನ ಎರಡು ಗಾಲಿಗೆ ಮಾತ್ರ ಶಕ್ತಿ) ಓಡಿಸಿ. ಹಿಂದಿನ ಟೈರ್ ಪಂಕ್ಚರ್ ಆಗಿದ್ದರೆ ಮುಂದಿನದನ್ನು ಹಿಂದಕ್ಕೆ ಹಾಕಿ, ಚಿಕ್ಕದನ್ನು ಮುಂದಕ್ಕೆ. ಗಟ್ಟಿ ನೆಲದಲ್ಲಿ 4ಎಚ್ (ನಾಲ್ಕೂ ಗಾಲಿಗೆ ಶಕ್ತಿ) ಹಾಕಿದರೆ ಎರಡು ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಹೋಗಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಬಿಗಿದುಕೊಳ್ಳುತ್ತೆ. ಹಿಂದೆ ಲಿಮಿಟೆಡ್ ಸ್ಲಿಪ್ ಡಿಫ್ (ಒಂದೇ ಗಾಲಿ ಸುಮ್ಮನೆ ತಿರುಗದಂತೆ ತಡೆಯುವ ಗೇರ್) ಇದ್ದರೆ ಅಲ್ಲಿ ಚಿಕ್ಕದು ಹಾಕಲೇಬೇಡಿ, ಕ್ಲಚ್ ಪ್ಲೇಟ್ ತಿನ್ನುತ್ತೆ. ಫುಲ್ ಟೈಮ್ ಗಾಡಿಯಲ್ಲಿ ಎರಡು ಆಕ್ಸಲ್ ನಡುವಿನ ಸೆಂಟರ್ ಡಿಫ್ ಓಡಿದಷ್ಟೂ ಹೊತ್ತು ದುಡಿಯುತ್ತೆ, ಹಾಗಾಗಿ ಪಂಕ್ಚರ್ ಅಂಗಡಿವರೆಗೆ ನಿಧಾನಕ್ಕೆ ಅಷ್ಟೇ.

ಲೋರೇಂಜ್:
ಹಿಂದೆ ಲಿಮಿಟೆಡ್ ಸ್ಲಿಪ್ಪೇ. ಸದ್ಯಕ್ಕೆ ದೊಡ್ಡ ಸ್ಟೆಪ್ನಿ ಒಳಗೆ, ಲಗೇಜ್ ಜಾಗದಲ್ಲಿ.

ಸ್ಪ್ಯಾನರ್‌ಡಬ್ಬ:
ನೆಲದ ಕೊಂಡಿಗಳಿಗೆ ಎರಡು ರ್‍ಯಾಚೆಟ್ ಬೆಲ್ಟ್ ಅಡ್ಡಡ್ಡ ಕಟ್ಟಿ, ರಿಮ್ ತೂತಿನ ಮೂಲಕ. ಸುಮ್ಮನೆ ಒರಗಿಸಿಟ್ಟರೆ ಜೋರಾಗಿ ಬ್ರೇಕ್ ಹಾಕಿದಾಗ ಸೀಟಿನ ಬೆನ್ನಿಗೆ ಬರುತ್ತೆ.

ಕಲ್ಲುದಾರಿ:
ಹಳೇ ರಿಮ್‌ಗೆ ಐದೂ ಏರಿಸಿದೆ. ಪೆನ್ಸಿಲ್ ಎಲ್ಲ ಕಡೆ ತೂರುತ್ತೆ. ಲಾಕ್‌ನಲ್ಲಿ ಮಡ್‌ಫ್ಲಾಪ್ ಅಂಚು ಮಾತ್ರ ಸವರುತ್ತಿತ್ತು, 15 ಮಿಮೀ ಕತ್ತರಿಸಿದೆ, ನಿಂತಿತು. ಬಫರ್ ಇಳಿಸಿ ಹೊಂದಿಸಿದೆ, ಸ್ಟೆಪ್ನಿ ಈಗ ಅಲುಗಾಡಲ್ಲ. ಆದರೂ ಬಾಗಿಲಿನಿಂದ ಸಣ್ಣ ಟಕ್ ಟಕ್ ಇದೆ.

ಎತ್ತರದಗಾಡಿ:
ಉಜ್ಜಾಟ ನಿಂತದ್ದು ಒಳ್ಳೇದಾಯ್ತು. ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಏನಾಗುತ್ತೆ ಅಂತ ಇನ್ನೂ ನೋಡಿಲ್ಲ, ಆಗ ಲಿಫ್ಟ್ ಬೇಕಾಗುತ್ತೆ.

ಸ್ಪ್ಯಾನರ್‌ಡಬ್ಬ:
ನೋಡಬೇಕಾದ್ದೇ. ಒಂದು ಮುಂಗಾಲಿಯನ್ನು ದಿಣ್ಣೆಗೆ ಹತ್ತಿಸಿ, ಲಾಕ್ ಹಾಕಿ ಸುಣ್ಣದ ಪರೀಕ್ಷೆ ಮತ್ತೊಮ್ಮೆ ಮಾಡಿ.

ಟಕ್ ಟಕ್‌ಗೆ, ಬಾಗಿಲನ್ನು ಒಂದು ಗೇಣು ತೆರೆದು ಸ್ಟೆಪ್ನಿ ಅಡಿಗೆ ಕೈ ಕೊಟ್ಟು ಎತ್ತಿ ಇಳಿಸಿ. ಕೀಲಿನ ಪಿನ್ನಿನ ಹತ್ತಿರ ಆಟ ಕಂಡರೆ ಬುಷ್ (ಪಿನ್ನಿನ ಸುತ್ತಲಿನ ಕೊಳವೆ) ಸವೆದಿದೆ. ಚೌಕಟ್ಟಿನ ಕೊಕ್ಕೆಯ ಕೆಳತುಟಿಯಲ್ಲಿ ಹೊಸದಾಗಿ ಹೊಳೆಯುವ ಗೆರೆ ಇದೆಯಾ ನೋಡಿ. ಬಾಗಿಲು ಜಗ್ಗಿದ್ದರೆ ಬೀಗದ ನಾಲಗೆ ಅಲ್ಲೇ ಕೆರೆಯುವುದು.

ಕಲ್ಲುದಾರಿ:
ಗೆರೆ ಇದೆ. ಕೆಳಗಿನ ಕೀಲಿನಲ್ಲಿ ಆಟವೂ ಇದೆ, ಮೇಲಿನದರಲ್ಲಿ ಇಲ್ಲ.

ಸ್ಪ್ಯಾನರ್‌ಡಬ್ಬ:
ಎರಡೂ ಕೀಲಿನ ಬುಷ್ ಒಟ್ಟಿಗೇ ಬದಲಿಸಿ. ಸ್ಟೆಪ್ನಿ ಇಳಿಸಿ, ಬಾಗಿಲಡಿಗೆ ಜ್ಯಾಕ್ ಕೊಟ್ಟು ತೂಕ ಹಿಡಿದ ಮೇಲೆಯೇ ಪಿನ್ ಹೊಡೆಯಿರಿ. ಕೊಕ್ಕೆಯನ್ನು ಬುಷ್ ಆದಮೇಲೆ ಹೊಂದಿಸಿ, ಮೊದಲಲ್ಲ.