ಕರ್ಪೂರದ ಗಂಟು
ಗುಂಪು: ದೊಡ್ಡಮನೆ ಬಳಗ, ಮೈಸೂರು–ಮಂಡ್ಯ

ದೊಡ್ಡಪ್ಪ: [ಫಾರ್ವರ್ಡ್] ಕಾರಲ್ಲಿ ಲಡಾಖ್‌ಗೆ ಹೋಗುವವರೇ ಎಚ್ಚರ!! ಅಲ್ಲಿನ ಗಾಳಿಯಲ್ಲಿ ಆಮ್ಲಜನಕ ಬರೀ 10%. ಕರ್ಪೂರ, ಲವಂಗ, ಓಮದ ಗಂಟು ಮೂಸುತ್ತಿದ್ದರೆ ಆಮ್ಲಜನಕ ಏರುತ್ತದೆ. ಟೈರಿನ ಗಾಳಿ ಅರ್ಧ ಇಳಿಸದಿದ್ದರೆ ಸಿಡಿಯುವುದು ಖಚಿತ. ಎಲ್ಲರಿಗೂ ಕಳಿಸಿ 🙏

ದೊಡ್ಡಪ್ಪ: ವಿನಯ, ಮಕ್ಕಳನ್ನ ಕಟ್ಕೊಂಡು ಹೊರಟಿದ್ದೀಯ. ಪೂರ್ತಿ ಓದು.

ಸುಮಾ ಅತ್ತೆ: 🙏🙏 ಗ್ರಂಥಿಗೆ ಅಂಗಡಿಯಿಂದ ಇವತ್ತೇ ತರಿಸ್ತೀನಿ.

ಅನು: ದೊಡ್ಡಪ್ಪ, ಇದನ್ನ ಬರೆದಿದ್ದು ಯಾರು? ಡಾಕ್ಟರ್ ಹೆಸರಿಲ್ಲ, ಊರಿಲ್ಲ. 2021ರಲ್ಲಿ ಕೋವಿಡ್‌ಗೂ ಇದೇ ಗಂಟು ಕಟ್ಟಿಸಿದ್ರು.

ದೊಡ್ಡಪ್ಪ: ನಮ್ಮ ವಾಕಿಂಗ್ ಗುಂಪಿನವರು ಕಳಿಸಿದ್ದು. ಎಲ್ಲ ಓದಿದೋರೇ. ಹಿರಿಯರು ಹೇಳಿದ್ದಕ್ಕೆಲ್ಲ ಆಧಾರ ಕೇಳೋದು ಒಳ್ಳೇ ಅಭ್ಯಾಸ ಅಲ್ಲಮ್ಮ.

ಅನು: ಮಕ್ಕಳ ವಿಷಯ ಅಂತಲೇ ಕೇಳ್ತಿದೀನಿ. ಆಮ್ಲಜನಕ ಎಲ್ಲಿ ಹೋದ್ರೂ 21%. ಇಳಿಯೋದು ಗಾಳಿಯ ಒತ್ತಡ. ಲೇಹ್ ದಾರಿಲಿ ಬೆಟ್ಟ ದಾಟೋ ಪಾಸ್ ತಂಗ್ಲಂಗ್ ಲಾ 5,328 ಮೀಟರು, ಅಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು, ಒಂದು ಉಸಿರಿಗೆ ಸಿಗೋದೂ ಅರ್ಧ. ಕರ್ಪೂರದಿಂದ ಮೂಗು ತಂಪಾಗುತ್ತೆ, ರಕ್ತಕ್ಕೆ ಏನೂ ಸೇರಲ್ಲ. ಪುಟ್ಟ ಮಗು ಅದನ್ನ ಬಾಯಿಗೆ ಹಾಕ್ಕೊಂಡ್ರೆ ಫಿಟ್ಸ್ ಬರಬಹುದು. ದಯವಿಟ್ಟು ಕಾರಲ್ಲಿ ಇಡಬೇಡಿ.

ಮಂಜಣ್ಣ (ಮಂಡ್ಯ): ನಾವು ಊಟಿಗೆ ಅಂಬಾಸಿಡರಲ್ಲಿ ಹೋದಾಗ ಯಾವ ಕರ್ಪೂರ ಇತ್ತು ಕಣ್ರಪ್ಪ? ಕಲ್ಹಟ್ಟಿ 36 ತಿರುವು, ಚಿಕ್ಕಪ್ಪನ ಡ್ರೈವಿಂಗು, ಆ ಪುಳಿಯೋಗರೆ ಡಬ್ಬಿ... ದೊಡ್ಡಮ್ಮನ ಕೈ ರುಚಿನೇ ಬೇರೆ.

ಸುಮಾ ಅತ್ತೆ: ಅದನ್ನ ಕಲಸಿದ್ದು ನಾನು. ಇವತ್ತಿಗೂ ಅತ್ತಿಗೆ ಹೆಸರೇ ಹೇಳ್ತೀರ.

ರಘು: ಮಂಜಣ್ಣ, ಊಟಿ 2,240 ಮೀಟರು. ಮನಾಲಿ–ಲೇಹ್ ದಾರಿಯ ಸರ್ಚು 4,290. ವಿನಯ, ನಿನ್ನ ಪ್ಲ್ಯಾನಲ್ಲಿ ಮನಾಲಿ ಆದ್ಮೇಲೆ ಎರಡನೇ ರಾತ್ರಿನೇ ಸರ್ಚು ಟೆಂಟ್ ಇದೆ, ಅದನ್ನ ತೆಗಿ. ಪಾಸ್ ಮೇಲೆ ಹತ್ತು ನಿಮಿಷ ನಿಂತು ಫೋಟೋ ಹೊಡ್ಕೊಂಡು ಇಳಿದ್ರೆ ಅಷ್ಟು ತೊಂದರೆ ಇಲ್ಲ, ಎತ್ತರದಲ್ಲಿ ಮಲಗೋದೇ ಅಪಾಯ. 3,000 ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ರಜೆ ಇದ್ರೆ ಶ್ರೀನಗರದ ಕಡೆಯಿಂದ ಹತ್ತೋದೇ ಲೇಸು. ಆ ದಾರಿಲಿ ಮೊದಲು ಸಿಗೋ ಪಾಸ್ ಜೋಜಿ ಲಾ 3,528 ಅಷ್ಟೇ, ರಾತ್ರಿ ಕಾರ್ಗಿಲಲ್ಲಿ ಮಲಗಿದ್ರೆ 2,700.

ದೊಡ್ಡಪ್ಪ: ಟೈರು?

ರಘು: ಸಿಡಿಯಲ್ಲ ದೊಡ್ಡಪ್ಪ. ಮೈಸೂರಲ್ಲಿ 33 ಪಿಎಸ್‌ಐ ಗಾಳಿ ಹಿಡಿಸಿದ್ರೆ, ಅಷ್ಟು ಎತ್ತರದಲ್ಲಿ ಹೊರಗಿನ ಒತ್ತಡ ಕಮ್ಮಿಯಾಗಿ ಗೇಜಲ್ಲಿ ಐದಾರು ಪಿಎಸ್‌ಐ ಜಾಸ್ತಿ ತೋರಿಸುತ್ತೆ, ಚಳಿಗೆ ಮತ್ತೆ ಮೂರು ಇಳಿಯುತ್ತೆ. ಅರ್ಧ ಇಳಿಸಿದ್ರೇ ಅಪಾಯ: ಕಲ್ಲಿಗೆ ಸೈಡ್‌ವಾಲ್ ಹರಿದು ರಿಮ್ ಬಗ್ಗುತ್ತೆ. ಬೆಳಗ್ಗೆ ಟೈರ್ ತಣ್ಣಗಿರುವಾಗ ನೋಡಿ, ಡೋರ್ ಸ್ಟಿಕರಲ್ಲಿ ಇರೋ ಲೆಕ್ಕಕ್ಕೆ ತಂದ್ರೆ ಸಾಕು.

ದೊಡ್ಡಪ್ಪ: ನೀನು ಗೊತ್ತು ಮಾಡಿದ ಬಸ್ಸಲ್ಲೇ ಅಲ್ವೇನೋ ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿಯಲ್ಲಿ ಬ್ರೇಕ್ ಸುಟ್ಟ ವಾಸನೆ ಬಂದಿದ್ದು?

ರಘು: ಡ್ರೈವರ್ ನ್ಯೂಟ್ರಲಲ್ಲಿ ಬಿಟ್ಟಿದ್ದ, ಅದಕ್ಕೇ. ವಿನಯ, ಗಮನ ಇಟ್ಟು ಕೇಳು. ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಬಂದ್ರೆ ಪ್ಯಾಡ್ ಕಾದು, ಬ್ರೇಕ್ ಆಯಿಲ್ ಕುದ್ದು ಪೈಪಲ್ಲಿ ಗುಳ್ಳೆ ಏಳುತ್ತೆ, ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತೆ. ಆಯಿಲ್ ಹಾಕಿಸಿ ಎರಡು ವರ್ಷ ಆಗಿದ್ರೆ ನೀರಿನಂಶ ಹೀರಿರುತ್ತೆ, ಇನ್ನೂ ಬೇಗ ಕುದಿಯುತ್ತೆ. ಹೊರಡೋ ಮುಂಚೆ ಬದಲಾಯಿಸು. ನಿನ್ನದು ಟರ್ಬೋ ಇಲ್ಲದ ಪೆಟ್ರೋಲ್ ಗಾಡಿ, ಮೇಲೆ ಹೋದ್ರೆ ಹತ್ತಿರ ಹತ್ತಿರ ಅರ್ಧ ಶಕ್ತಿ ಇರಲ್ಲ. ಕೆಟ್ಟಿದೆ ಅಂತ ಮೆಕ್ಯಾನಿಕ್ ಹುಡುಕಬೇಡ, ಏಸಿ ಆಫ್ ಮಾಡಿ ಫಸ್ಟ್ ಗೇರಲ್ಲಿ ಹತ್ತಿಸು. ಹಾಫ್ ಕ್ಲಚ್ ಹಿಡಿದ್ಯೋ, ಪ್ಲೇಟ್ ಹೋಯ್ತು.

ವಿನಯ: ರೋಡ್ ಮೇಲೆ ನಾಲಾ ಅಂದ್ರೆ ಹಳ್ಳದ ನೀರು ಹರಿಯುತ್ತಂತಲ್ಲ?

ರಘು: ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ಮೇಲೆ ತುಂಬುತ್ತೆ. ಬಾರಾಲಾಚಾ ಪಾಸ್ ಆಚೀಚೆಯ ನಾಲಾಗಳನ್ನ ಬೆಳಗ್ಗೇನೇ ದಾಟು. ಮುಂದಿನ ಗಾಡಿ ದಾಟೋ ತನಕ ನಿಲ್ಲು, ಆಮೇಲೆ ಫಸ್ಟ್ ಗೇರು, ಒಂದೇ ಸಮ ಆಕ್ಸಿಲರೇಟರ್, ಮಧ್ಯೆ ಕ್ಲಚ್ ಮುಟ್ಟಬೇಡ. ಮನಾಲಿ ಬಿಟ್ಟ ಮೇಲೆ ಸಿಗೋ ತಾಂಡಿ ಬಂಕಲ್ಲಿ ಟ್ಯಾಂಕ್ ಫುಲ್ ಮಾಡಿಸು. ಆಮೇಲೆ ಬಹಳ ದೂರ ಬಂಕ್ ಸಿಗೋದು ಕಷ್ಟ.

ಅನು: ತಲೆನೋವು, ವಾಂತಿ ಬಂದ್ರೆ ಅಲ್ಲಿಂದ ಮೇಲೆ ಹತ್ತಬೇಡಿ. ನಡೆಯುವಾಗ ತೂರಾಡಿದ್ರೆ, ಸುಮ್ಮನೆ ಕೂತಿದ್ದಾಗಲೂ ಉಸಿರು ಕಟ್ಟಿದ್ರೆ ಬೆಳಗಾಗಲಿ ಅಂತ ಕಾಯದೆ ರಾತ್ರಿನೇ ಕೆಳಗಿಳಿಸಿ. ಎತ್ತರದ ತೊಂದರೆ ತಡೆಯೋ ಅಸಿಟಜೋಲಮೈಡ್ ಮಾತ್ರೆ ಡಾಕ್ಟರನ್ನ ಕೇಳಿಯೇ ತಗೊಳ್ಳಿ. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಸಲ, ಹತ್ತೋ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ರೆ ಮೊದಲೇ ಹೇಳಿ.

ಸುಮಾ ಅತ್ತೆ: ಅಣ್ಣ ಕಳಿಸಿದ್ದು ಸುಳ್ಳು ಅಂತ ಎಲ್ಲರೆದುರು ಹೇಳ್ಬೇಕಿತ್ತಾ ಅನು? ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?

ಅನು: ಗುಂಪಿಗೆ ಬಂದಿದ್ದಕ್ಕೆ ಗುಂಪಲ್ಲೇ ಉತ್ತರ ಅತ್ತೆ. ಇಲ್ಲಿಂದ ಇನ್ನೂ ಎಷ್ಟು ಗುಂಪಿಗೆ ಹೋಗಿದೆಯೋ.

ದೊಡ್ಡಪ್ಪ: ನಾನು ಹಾಕಿದ್ದು ಮಕ್ಕಳ ಮೇಲಿನ ಕಾಳಜಿಗೆ. ಅಷ್ಟೇ.

ವಿನಯ: ಗೊತ್ತು ದೊಡ್ಡಪ್ಪ. ಸರ್ಚು ಕ್ಯಾನ್ಸಲ್ ಮಾಡಿದೆ. ಜಿಸ್ಪಾದಲ್ಲಿ ಎರಡು ರಾತ್ರಿ, ಅದು 3,200. ಅಲ್ಲಿಂದ ಬೆಳಗ್ಗೆ ಐದಕ್ಕೆ ಬಿಟ್ಟು ಸೀದಾ ಲೇಹ್, 3,500. ಅಲ್ಲಿ ಎರಡು ದಿನ ರೂಮಲ್ಲೇ.

ಮಂಜಣ್ಣ: ನಿನ್ನ ಸಿಮ್ಮು ಪ್ರೀಪೇಯ್ಡಾ? ನಮ್ಮ ಕಡೆ ಪ್ರೀಪೇಯ್ಡ್ ಲಡಾಖಲ್ಲಿ ನಡೆಯಾಕಿಲ್ಲ ಕಣಪ್ಪ. ಪೋಸ್ಟ್‌ಪೇಯ್ಡ್ ಮಾಡಿಸ್ಕೊಂಡೇ ಹೊರಡು.